ಮಗುವಿನ ಮೂರ್ಛೆರೋಗ ಮತ್ತು ಮನೆಯ ಮೌನ: ಒಂದು ಜಾನಪದೀಯ ಅವಲೋಕನ

ರೋಗದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಕಾರಣ ಹಾಗೂ ಚಿಕಿತ್ಸೆಗಳತ್ತ ಗಮನ ಹರಿಸುತ್ತಾರೆ. ಆದರೆ ಆ ರೋಗವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ಮನೆಯವರು ಕೈಗೊಳ್ಳುವ ತೀರ್ಮಾನಕ್ಕೂ ಒಂದು ಚರಿತ್ರೆಯಿದೆ. ಮಗುವಿನ ಮೂರ್ಛೆರೋಗದ ವಿಷಯದಲ್ಲಿ ಈ ಚರಿತ್ರೆಯ ಕುರುಹುಗಳನ್ನು ಮಾತಿನ ಬಳಕೆ, ಮನೆಯ ಆಚರಣೆ ಮತ್ತು ಕಾನೂನುಗಳಲ್ಲಿ ಹುಡುಕಬೇಕಾಗುತ್ತದೆ. ದಕ್ಷಿಣ ಕರ್ನಾಟಕವನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಅವುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರಕಸಂಹಿತೆಯು ಈ ರೋಗವನ್ನು ‘ಅಪಸ್ಮಾರ’, ಅಂದರೆ ಸ್ಮೃತಿನಾಶ, ಎಂದು ಕರೆದು, ದೋಷಗಳ ಪ್ರಕೋಪವನ್ನು ಆಧರಿಸಿ ಅದರಲ್ಲಿ ನಾಲ್ಕು ಬಗೆಗಳನ್ನು ಗುರುತಿಸುತ್ತದೆ. ಜನಪದರ ವರ್ಗೀಕರಣದ ನೆಲೆ ಬೇರೆ. ಎಳೆಗೂಸಿಗೆ ಸೆಳೆತ ಬಂದರೆ ಅದು ‘ಬಾಲಗ್ರಹ’. ವಯಸ್ಸಿನೊಂದಿಗೆ ಬಿಟ್ಟುಹೋಗುತ್ತದೆಂಬ ನಂಬಿಕೆಯಿರುವುದರಿಂದ ಅದನ್ನು ನೆರೆಯವರ ಮುಂದೆ ಹೇಳಲು ಸಂಕೋಚವಿಲ್ಲ. ಮಗು ಬೆಳೆದ ಮೇಲೂ ಸೆಳೆತ ನಿಲ್ಲದಿದ್ದಾಗ ಹೆಸರಿನ ತೊಡಕು ಆರಂಭವಾಗುತ್ತದೆ. ಆಗ ‘ಗಾಳಿ’, ‘ಸೋಂಕು’ ಎಂಬ ಮಾತುಗಳು ಬರುತ್ತವೆ. ಇಲ್ಲವೇ ಹೆಸರನ್ನೇ ಬಿಟ್ಟು ‘ಆಗಾಗ ಬರುತ್ತದೆ’ ಎಂದಷ್ಟೇ ಹೇಳುತ್ತಾರೆ. ದೇವರು ಮೈಮೇಲೆ ಬರುವುದಕ್ಕೂ ಇದೇ ಕ್ರಿಯಾಪದ ಬಳಕೆಯಾಗುವುದು ಗಮನಾರ್ಹ. ದೇವರು ಬರುವುದು ಊರಿನ ಎದುರಿಗೆ, ರೋಗ ಬರುವುದು ಬಾಗಿಲ ಹಿಂದೆ ಎಂಬುದಷ್ಟೇ ವ್ಯತ್ಯಾಸ. ಇತ್ತೀಚಿನ ದಶಕಗಳಲ್ಲಿ ‘ಫಿಟ್ಸ್’ ಎಂಬ ಪದವೂ ಇದೇ ಬಗೆಯ ಮರೆಯನ್ನು ಒದಗಿಸಿದೆ.

ಮರೆಮಾಚುವಿಕೆಗೆ ಅನುಕೂಲವಾದ ಒಂದು ವಿಶಿಷ್ಟ ಸನ್ನಿವೇಶ ಈ ಭಾಗದಲ್ಲಿದೆ. ಬಿಸಿನೀರನ್ನು ತಲೆಯ ಮೇಲೆ ಒಂದೇ ಸಮನೆ ಹೊಯ್ದುಕೊಳ್ಳುವಾಗ ಬರುವ ಮೂರ್ಛೆಯನ್ನು ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ವೈದ್ಯಲೋಕದ ಗಮನಕ್ಕೆ ತಂದರು. 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನಿಂದ ಇಂಥ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ತಲೆಸ್ನಾನವು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನಡೆಯುವಂಥದು, ನಡೆಯುವುದು ಬಚ್ಚಲುಮನೆಯಲ್ಲಿ, ನೀರು ಹೊಯ್ಯುವವರು ತಾಯಿ ಅಥವಾ ಅಜ್ಜಿ. ಹೀಗಾಗಿ ಮಗುವಿನ ರೋಗಕ್ಕೆ ಮನೆಯ ಹೆಂಗಸರೇ ಏಕಮಾತ್ರ ಸಾಕ್ಷಿಗಳಾಗುತ್ತಾರೆ. ಹೇಳುವುದೋ ಬಿಡುವುದೋ ಎಂಬ ತೀರ್ಮಾನದ ಮೊದಲ ಹೊರೆಯೂ ಅವರದೇ. ಹೇಳಿದರೆ ರೋಗ ತಾಯಿಯ ತವರಿನ ಕಡೆಯಿಂದ ಬಂದಿತೆಂಬ ಆಪಾದನೆಯ ಭಯವೂ ಇರುತ್ತದೆ.

ಮೌನದ ಹಿಂದಿರುವ ಪ್ರಬಲ ಕಾರಣ ಮದುವೆ. ಇಲ್ಲಿ ಕಾನೂನೇ ಲೋಕದ ಭಯಕ್ಕೆ ಬೆಂಬಲವಾಗಿ ನಿಂತ ಕಾಲವೊಂದಿತ್ತು. 1955ರ ಹಿಂದೂ ವಿವಾಹ ಕಾಯಿದೆಯ ಮೂಲಪಾಠದಲ್ಲಿ ಮೂರ್ಛೆರೋಗದ ಉಲ್ಲೇಖವಿರಲಿಲ್ಲ. 1976ರ ತಿದ್ದುಪಡಿಯು ಮತ್ತೆ ಮತ್ತೆ ಬರುವ ಹುಚ್ಚಿನೊಂದಿಗೆ ಮೂರ್ಛೆರೋಗವನ್ನೂ ಸೇರಿಸಿ, ಅಂಥವರ ಮದುವೆಯನ್ನು ರದ್ದುಪಡಿಸಲು ಅವಕಾಶ ಕಲ್ಪಿಸಿತು. ಹೇಳಿದರೆ ಸಂಬಂಧ ಕೂಡುವುದಿಲ್ಲ, ಹೇಳದಿದ್ದರೆ ಕೂಡಿದ ಸಂಬಂಧ ಉಳಿಯುವ ಭರವಸೆಯಿಲ್ಲ ಎಂಬ ಇಕ್ಕಟ್ಟಿಗೆ ಕುಟುಂಬಗಳು ಸಿಲುಕಿದವು. 1999ರ ತಿದ್ದುಪಡಿ ಆ ಪದವನ್ನು ತೆಗೆದುಹಾಕಿತು. ಇಪ್ಪತ್ತಮೂರು ವರ್ಷ ಕಾನೂನಿನಲ್ಲಿದ್ದ ಮಾತು ಜನರ ಮನಸ್ಸಿನಿಂದ ಅಷ್ಟು ಸುಲಭವಾಗಿ ಅಳಿಯುವಂಥದಲ್ಲ. ಹೆಣ್ಣುಮಗುವಿನ ವಿಷಯದಲ್ಲಂತೂ ಮದುವೆಯ ಚಿಂತೆ ಶಾಲೆಯ ವಯಸ್ಸಿನಲ್ಲಿಯೇ ಮನೆಯವರ ಬಾಯಿ ಕಟ್ಟುತ್ತದೆ.

ಚಿಕಿತ್ಸೆಯೂ ಈ ಮೌನವನ್ನು ಎರಡು ದಿಕ್ಕಿಗೆ ಎಳೆದಿದೆ. ಯಳಂದೂರಿನ ಗ್ರಾಮೀಣ ಪ್ರದೇಶದಲ್ಲಿ ಡಾ. ಮಣಿ ಮತ್ತು ಸಂಗಡಿಗರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವು, ಕಡಿಮೆ ಬೆಲೆಯ ಫಿನೊಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಲು ಸಾಧ್ಯವೆಂದು ತೋರಿಸಿತು. ರೋಗ ಹತೋಟಿಗೆ ಬಂದರೆ ಹೇಳುವ ಅಗತ್ಯ ಕಡಿಮೆಯಾಗುತ್ತದೆ. ಆದರೆ ನಿತ್ಯದ ಮಾತ್ರೆಯೇ ನೆಂಟರ ಮನೆಯಲ್ಲಿ ಪ್ರಶ್ನೆಗೆ ಕಾರಣವಾಗುತ್ತದೆ. ಪ್ರಶ್ನೆ ತಪ್ಪಿಸಲು ಮಾತ್ರೆ ನಿಲ್ಲಿಸಿದರೆ ಮೂರ್ಛೆ ಮರಳುವ ಅಪಾಯವಿದೆ.

ಒಟ್ಟಾರೆಯಾಗಿ, ಈ ಮೌನವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಮಗುವಿನ ನಾಳೆಯನ್ನು ಕಾಯಲು ಮನೆಯವರು ಕಂಡುಕೊಂಡ ಉಪಾಯ. ಆದರೆ ಕೆರೆಯ ದಂಡೆಯಲ್ಲಿ, ಒಲೆಯ ಬಳಿಯಲ್ಲಿ, ಶಾಲೆಯ ಅಂಗಳದಲ್ಲಿ ಬಿದ್ದ ಮಗುವಿನ ಕೈಗೆ ಕಬ್ಬಿಣದ ಬೀಗದಕೈ ತುರುಕುವವರು ಸಿಗುತ್ತಾರೆಯೇ ಹೊರತು, ಅದನ್ನು ಮಗ್ಗುಲಿಗೆ ಹೊರಳಿಸಬೇಕೆಂದು ಬಲ್ಲವರು ಅಲ್ಲಿರುವುದಿಲ್ಲ. ನಾಳೆಗಾಗಿ ಕಾಯ್ದ ಗುಟ್ಟು ಇಂದಿನ ಜೀವಕ್ಕೇ ಎರವಾಗಬಹುದು. ಸಂಬಂಧ ನೋಡಲು ಬರುವವರಿಗೆ ಹೇಳುವುದು ಬೇರೆ, ಮಗುವಿನ ಜೊತೆಗಿರುವ ಉಪಾಧ್ಯಾಯರಿಗೂ ಗೆಳೆಯರಿಗೂ ಹೇಳುವುದು ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸುವಂತೆ ಕುಟುಂಬಗಳನ್ನು ಒತ್ತಾಯಿಸಿದ ಸಾಮಾಜಿಕ ಪರಿಸ್ಥಿತಿಯನ್ನು ಜಾನಪದ ಅಧ್ಯಯನವು ಇನ್ನಷ್ಟು ಆಳವಾಗಿ ಶೋಧಿಸಬೇಕಾಗಿದೆ.