ಐದು ವೋಲ್ಟಿನಿಂದ ಒಂದು ವೋಲ್ಟಿಗೆ: ಗಣಕದ ವೇಗ ತೆತ್ತ ಬೆಲೆ

ನಮ್ಮ ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ದಶಕಗಳ ಕಾಲ ವಿದ್ಯಾರ್ಥಿಗಳ ಕೈಗೆ ಸಿಕ್ಕಿದ ಚಿಪ್ ಇಂಟೆಲ್ 8085. ಅದು ಬಂದದ್ದು 1976ರಲ್ಲಿ. ಅದರ ಹೆಸರಿನ ಕೊನೆಯ 5 ಎಂಬ ಅಂಕೆ ಏನನ್ನು ಸೂಚಿಸುತ್ತದೆ ಗೊತ್ತೆ? ಅದಕ್ಕೆ 5 ವೋಲ್ಟಿನ ಒಂದೇ ಒಂದು ಪೂರೈಕೆ ಸಾಕು ಎಂಬುದನ್ನು! ಎರಡು ವರ್ಷ ಮೊದಲು ಬಂದಿದ್ದ 8080 ಚಿಪ್ಪಿಗೆ +5, -5 ಮತ್ತು +12 ವೋಲ್ಟ್ ಎಂಬ ಮೂರು ಪೂರೈಕೆಗಳು ಬೇಕಿದ್ದವು. ಇಂದಿನ ಪ್ರೊಸೆಸರುಗಳು ಒಂದು ವೋಲ್ಟಿನ ಆಸುಪಾಸಿನಲ್ಲಿ ಓಡುತ್ತವೆ. ಗಣಕದ ವೇಗ ಏರಿದ ಕಥೆ ಎಂದರೆ ಒಂದರ್ಥದಲ್ಲಿ ಈ ವೋಲ್ಟೇಜ್ ಇಳಿದ ಕಥೆ. ಹರಿವಿಗೆ ಎದುರಾಗಿ ಈಜಿ, ವೋಲ್ಟೇಜನ್ನು ಏರಿಸಿ ವೇಗ ಪಡೆಯಲು ಹೊರಟವರ ಕಥೆಯೂ ಅದರೊಳಗೇ ಇದೆ.

ಕೊಡ ತುಂಬುವ ಲೆಕ್ಕ

ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರು ಒಂದು ಪುಟ್ಟ ಸ್ವಿಚ್ಚು. ಅದು ತನ್ನ ಮುಂದಿನ ಸ್ವಿಚ್ಚನ್ನು ಒತ್ತಬೇಕಾದರೆ ಅಲ್ಲಿ ಸ್ವಲ್ಪ ವಿದ್ಯುದಂಶವನ್ನು ತುಂಬಬೇಕು. ಮಾಳಿಗೆಯ ಮೇಲಿನ ತೊಟ್ಟಿ ಎತ್ತರದಲ್ಲಿದ್ದಷ್ಟೂ ಕೆಳಗಿನ ನಲ್ಲಿಯಲ್ಲಿ ಕೊಡ ಬೇಗ ತುಂಬುವುದಲ್ಲವೆ? ಹಾಗೆಯೇ ವೋಲ್ಟೇಜ್ ಹೆಚ್ಚಿದಷ್ಟೂ ಸ್ವಿಚ್ಚು ಬೇಗ ಬದಲಾಗುತ್ತದೆ. ಗಣಕದ ಗಡಿಯಾರದ ಒಂದು ಮಿಡಿತಕ್ಕೂ ಮತ್ತೊಂದಕ್ಕೂ ನಡುವೆ ಎಲ್ಲ ಕೊಡಗಳೂ ತುಂಬಿರಬೇಕು. ತುಂಬುವ ಮೊದಲೇ ಮುಂದಿನ ಮಿಡಿತ ಬಂದರೆ ಲೆಕ್ಕ ತಪ್ಪುತ್ತದೆ, ಯಂತ್ರ ನಿಂತುಬಿಡುತ್ತದೆ.

ಹಾಗಾದರೆ ವೋಲ್ಟೇಜನ್ನು ಏರಿಸುತ್ತ ಹೋಗಬಾರದೇಕೆ? ಸ್ವಿಚ್ಚುಗಳು ಬದಲಾಗುವಾಗ ಪ್ರತಿ ಸೆಕೆಂಡಿಗೆ ಹೊರಬೀಳುವ ಶಾಖವು ಧಾರಕತೆ, ಆವೃತ್ತಿ ಮತ್ತು ವೋಲ್ಟೇಜಿನ ವರ್ಗ, ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಶೇಕಡ 10 ಏರಿಸಿದರೆ ಶಾಖವೂ ಶೇಕಡ 10 ಏರುತ್ತದೆ. ವೋಲ್ಟೇಜನ್ನು ಶೇಕಡ 10 ಏರಿಸಿದರೆ ಶಾಖ ಏರುವುದು ಶೇಕಡ 21. ಈ ವರ್ಗವೇ ನಮ್ಮ ಕಥೆಯ ನಾಯಕ, ಖಳನಾಯಕ ಎರಡೂ.

ನಾಯಕನಾಗಿ ಅದು ಮಾಡಿದ್ದೇನು? 1974ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ಸೂತ್ರವನ್ನು ಮುಂದಿಟ್ಟರು. ಟ್ರಾನ್ಸಿಸ್ಟರಿನ ಅಳತೆಯನ್ನು ಕುಗ್ಗಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ, ವೇಗ ಹೆಚ್ಚಿದರೂ ಚಿಪ್ಪಿನ ಪ್ರತಿ ಚದರ ಅಳತೆಯಲ್ಲಿ ಶಾಖ ಹೆಚ್ಚುವುದಿಲ್ಲ ಎಂಬುದು ಅದರ ಸಾರ. ಇದನ್ನು ಒಂದು ಉದಾಹರಣೆಯಿಂದ ಪರೀಕ್ಷಿಸೋಣ. 1993ರ ಮೊದಲ ಪೆಂಟಿಯಂ 5 ವೋಲ್ಟಿನಲ್ಲಿ 66 ಮೆಗಾಹರ್ಟ್ಸ್ ಓಡುತ್ತಿತ್ತು. ಗರಿಷ್ಠ ಶಾಖ 16 ವಾಟ್. ಮರುವರ್ಷ 3.3 ವೋಲ್ಟಿನ, 100 ಮೆಗಾಹರ್ಟ್ಸಿನ ಪೆಂಟಿಯಂ ಬಂತು. ವೇಗ ಒಂದೂವರೆ ಪಟ್ಟು. 3.3ನ್ನು 5ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 0.44. 16ನ್ನು 0.44ರಿಂದ, ಅನಂತರ 1.5ರಿಂದ ಗುಣಿಸಿ: 10.5 ವಾಟ್. ಇಂಟೆಲ್ ಹೇಳಿದ ಅಂಕಿಯೂ 10 ವಾಟಿನ ಆಸುಪಾಸಿನದೇ. ವೇಗ ಹೆಚ್ಚಿತು, ಶಾಖ ಇಳಿಯಿತು!

ಮಿಡಿತ ಏರಿಸಿದವರು

ಪ್ರೊಸೆಸರನ್ನು ಅದಕ್ಕೆ ನಿಗದಿಯಾದ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ತಯಾರಕರು ಬೇಸಿಗೆಯ ಬಿಸಿ, ವಿದ್ಯುತ್ ಪೂರೈಕೆಯ ಏರುಪೇರು, ಚಿಪ್ಪಿನಿಂದ ಚಿಪ್ಪಿಗಿರುವ ವ್ಯತ್ಯಾಸ, ವಯಸ್ಸಾದಂತೆ ಬರುವ ಸವೆತ ಇವೆಲ್ಲಕ್ಕೂ ಒಂದಿಷ್ಟು ಅಂತರವನ್ನು ಉಳಿಸಿಯೇ ವೇಗವನ್ನು ನಿಗದಿಮಾಡುತ್ತಾರೆ. ಆ ಅಂತರವನ್ನು ಬಳಸಿಕೊಳ್ಳುವುದೇ ಈ ಸಾಹಸದ ತಿರುಳು. 1984ರ ಐಬಿಎಂ ಪಿಸಿ ಎಟಿ 6 ಮೆಗಾಹರ್ಟ್ಸಿನ ಯಂತ್ರ. ಅದರ ಗಡಿಯಾರದ ಹರಳನ್ನು ಬದಲಿಸಿ ಜನ 8 ಮೆಗಾಹರ್ಟ್ಸ್ ಪಡೆದರು. ವೋಲ್ಟೇಜನ್ನು ಯಾರೂ ಮುಟ್ಟಬೇಕಾಗಲಿಲ್ಲ.

1998ರ ಸೆಲೆರಾನ್ 300ಎ ಈ ಹವ್ಯಾಸಕ್ಕೆ ಹೊಸ ರೂಪ ಕೊಟ್ಟಿತು. 66 ಮೆಗಾಹರ್ಟ್ಸಿನ ಮಾರ್ಗದ ವೇಗವನ್ನು 100ಕ್ಕೆ ಏರಿಸಿದರೆ, 300ರ ಈ ಅಗ್ಗದ ಚಿಪ್ 450 ಮೆಗಾಹರ್ಟ್ಸ್ ಓಡುತ್ತಿತ್ತು. ಹಲವು ಚಿಪ್ಪುಗಳಿಗೆ ಮೂಲದ 2.0 ವೋಲ್ಟ್ ಸಾಕಿತ್ತು. ಹಟ ಹಿಡಿದವಕ್ಕೆ 2.2 ವೋಲ್ಟ್ ಕೊಡುತ್ತಿದ್ದರು. ಅಬಿಟ್ ಬಿಎಚ್6ರಂಥ ಮದರ್‌ಬೋರ್ಡುಗಳಲ್ಲಿ ಇದನ್ನು ಕೀಲಿಮಣೆಯಿಂದಲೇ ಬದಲಿಸಬಹುದಿತ್ತು. ಶಾಖದ ಲೆಕ್ಕ? 1.5ನ್ನು 1.21ರಿಂದ ಗುಣಿಸಿ: ಸುಮಾರು 1.8 ಪಟ್ಟು. ಒಳ್ಳೆಯ ಫ್ಯಾನ್ ಇದ್ದರೆ ಅದನ್ನೂ ತಾಳಿಕೊಳ್ಳಬಹುದಿತ್ತು.

ಖಳನಾಯಕ ಬಯಲಿಗೆ ಬಂದದ್ದು 2002ರ ನಂತರ. ನಾರ್ತ್‌ವುಡ್ ಎಂಬ ಪೆಂಟಿಯಂ 4ರ ವೋಲ್ಟೇಜ್ ಸುಮಾರು 1.5. ಅದಕ್ಕೆ 1.7 ವೋಲ್ಟ್ ದಾಟಿಸಿ ಕೊಟ್ಟವರ ಚಿಪ್ಪುಗಳು ಕೆಲವು ವಾರ, ತಿಂಗಳು ಚೆನ್ನಾಗಿಯೇ ಓಡಿ ಇದ್ದಕ್ಕಿದ್ದಂತೆ ಸತ್ತವು. ಹವ್ಯಾಸಿಗಳು ಇದಕ್ಕೆ 'ನಾರ್ತ್‌ವುಡ್‌ನ ಹಠಾತ್ ಸಾವು' ಎಂದೇ ಹೆಸರಿಟ್ಟರು. ಹೆಚ್ಚಿದ ವೋಲ್ಟೇಜ್ ಟ್ರಾನ್ಸಿಸ್ಟರಿನ ಅತಿ ತೆಳುವಾದ ನಿರೋಧಕ ಪದರವನ್ನು ದುರ್ಬಲಗೊಳಿಸುತ್ತದೆ. ಹೆಚ್ಚಿದ ಪ್ರವಾಹ ಮತ್ತು ಬಿಸಿಯಲ್ಲಿ, ಹೊಳೆಯ ನೀರು ದಡದ ಮಣ್ಣನ್ನು ಕೊರೆದಂತೆ, ತಂತಿಯ ಲೋಹದ ಪರಮಾಣುಗಳನ್ನು ಎಲೆಕ್ಟ್ರಾನುಗಳು ತಳ್ಳಿಕೊಂಡು ಹೋಗುತ್ತವೆ. ಮೊಟೊರೋಲಾದ ಜೇಮ್ಸ್ ಬ್ಲ್ಯಾಕ್ ಈ ಸವೆತವನ್ನು 1960ರ ದಶಕದಲ್ಲೇ ಸಮೀಕರಣಕ್ಕೆ ಇಳಿಸಿದ್ದರು. ಇಂಥ ಹಾನಿ ಕಣ್ಣಿಗೆ ಕಾಣುವುದಿಲ್ಲ, ಒಂದೇ ದಿನದಲ್ಲಿ ಆಗುವುದೂ ಇಲ್ಲ.

ಗೋಡೆ ಎದುರಾಯಿತು

ಅದೇ ಹೊತ್ತಿಗೆ ತಯಾರಕರೂ ಗೋಡೆಗೆ ಬಂದು ನಿಂತಿದ್ದರು. ವೋಲ್ಟೇಜನ್ನು ಇನ್ನೂ ಇಳಿಸಿದರೆ ಸ್ವಿಚ್ಚುಗಳು ಪೂರ್ತಿ ಮುಚ್ಚಿಕೊಳ್ಳದೆ ವಿದ್ಯುತ್ ಸೋರುತ್ತಿತ್ತು. ಡೆನಾರ್ಡ್ ತೋರಿಸಿದ ದಾರಿ ಅಲ್ಲಿಗೆ ಮುಗಿಯಿತು. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸಿನ ಪೆಂಟಿಯಂ 4ನ್ನು ಕೈಬಿಟ್ಟಿತು. ಒಂದೇ ಕೋರನ್ನು ಓಡಿಸುವ ಬದಲು ಹಲವು ಕೋರುಗಳಿಗೆ ಕೆಲಸ ಹಂಚುವ ಯುಗ ಬಂತು. 2008ರಲ್ಲಿ ಬಂದ ಆರು ಕೋರುಗಳ ಜಿಯಾನ್ 7400 ಇಂಟೆಲ್‌ನ ಬೆಂಗಳೂರು ತಂಡ ವಿನ್ಯಾಸಗೊಳಿಸಿದ್ದು ಎಂಬುದು ನಮಗೆ ಹೆಮ್ಮೆಯ ವಿಷಯ.

ಈ ನಡುವೆ ವೋಲ್ಟೇಜಿನ ಕೀಲಿಕೈ ಚಿಪ್ಪಿನ ಕೈಗೇ ಹೋಯಿತು. ಕೆಲಸ ಹೆಚ್ಚಾದಾಗ ವೇಗ, ವೋಲ್ಟೇಜ್ ಎರಡನ್ನೂ ಏರಿಸಿಕೊಂಡು, ಕಡಮೆಯಾದಾಗ ಇಳಿಸಿಕೊಳ್ಳುವ ಉಪಾಯ ಇದು. 2000ದ ಲ್ಯಾಪ್‌ಟಾಪ್ ಪೆಂಟಿಯಂ 3 ಬ್ಯಾಟರಿಯ ಮೇಲೆ ಓಡುವಾಗ 1.6 ವೋಲ್ಟಿನಿಂದ 1.35ಕ್ಕೆ ಇಳಿಯುತ್ತಿತ್ತು. ಇಂದು ಪ್ರತಿ ಪ್ರೊಸೆಸರೂ ಇದನ್ನು ಕ್ಷಣಕ್ಷಣಕ್ಕೂ ಮಾಡುತ್ತದೆ.

ಆದರೆ ಯಂತ್ರದ ಲೆಕ್ಕವೂ ತಪ್ಪಬಹುದು. 13 ಮತ್ತು 14ನೆಯ ತಲೆಮಾರಿನ ಕೆಲವು ಇಂಟೆಲ್ ಕೋರ್ ಪ್ರೊಸೆಸರುಗಳು, ಮಾಲೀಕರು ಯಾವ ಸಾಹಸವನ್ನೂ ಮಾಡದಿದ್ದರೂ, ಪದೇ ಪದೇ ಕೆಡತೊಡಗಿದವು. ಚಿಪ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತೆಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, 1.55 ವೋಲ್ಟಿಗೆ ಮಿತಿ ಹಾಕುವ ತಿದ್ದುಪಡಿ ಕೊಟ್ಟಿತು. ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ಮುಂದಿನ ಸವೆತವನ್ನು ತಡೆಯಬಲ್ಲುದು. ಆಗಲೇ ಸವೆದ ಚಿಪ್ಪನ್ನು ಸರಿಪಡಿಸಲಾರದು.

ವಿದ್ಯಾರ್ಥಿಗಳು ಈ ಇತಿಹಾಸದಿಂದ ಕಲಿಯಬೇಕಾದದ್ದು ಇಷ್ಟು. ಪ್ರಯೋಗ ಮಾಡುವವರು ಮೊದಲು ಆವೃತ್ತಿಯನ್ನು ಸ್ವಲ್ಪಸ್ವಲ್ಪವೇ ಏರಿಸಲಿ. ಯಂತ್ರ ತಡವರಿಸಿದಾಗ ಮಾತ್ರ ವೋಲ್ಟೇಜನ್ನು ಚಿಕ್ಕ ಹೆಜ್ಜೆಯಲ್ಲಿ, ತಯಾರಕರ ಮಿತಿಯೊಳಗೆ ಏರಿಸಲಿ. ಪ್ರತಿ ಹೆಜ್ಜೆಯಲ್ಲೂ ಪೂರ್ಣ ಹೊರೆ ಹೊರಿಸಿ ಉಷ್ಣತೆಯನ್ನು ಅಳೆಯಲಿ. ತಣ್ಣಗಿದೆ ಎಂದಮಾತ್ರಕ್ಕೆ ಸುರಕ್ಷಿತವೆಂದು ತಿಳಿಯದಿರಲಿ. ಪದರ ಸವೆಯಲು ವೋಲ್ಟೇಜೊಂದೇ ಸಾಕು. ಮನೆಮಂದಿಯೆಲ್ಲ ಬಳಸುವ ಗಣಕ ಇಂಥ ಪ್ರಯೋಗಕ್ಕೆ ತಕ್ಕುದಲ್ಲ. ಆವೃತ್ತಿಯನ್ನು ಏರಿಸಿ ತಪ್ಪಿದರೆ ಸಾಮಾನ್ಯವಾಗಿ ಯಂತ್ರ ನಿಲ್ಲುತ್ತದೆ, ಮತ್ತೆ ಹೊರಡಿಸಬಹುದು. ವೋಲ್ಟೇಜನ್ನು ಏರಿಸಿ ತಪ್ಪಿದರೆ ಚಿಪ್ಪಿನ ಆಯುಸ್ಸೇ ಖರ್ಚಾಗುತ್ತದೆ, ಅದನ್ನು ಮರಳಿ ತುಂಬಿಕೊಡುವ ಗುಂಡಿ ಯಾವ ಕೀಲಿಮಣೆಯಲ್ಲೂ ಇಲ್ಲ.