ಹೊಗೆ ಕಂಡಿತು, ಬೆಟ್ಟವೆಲ್ಲಿ?

ತರ್ಕಶಾಸ್ತ್ರವನ್ನು ಓದಲು ಕುಳಿತವರಿಗೆ ಮೊದಲು ಎದುರಾಗುವುದು ಒಂದು ಬೆಟ್ಟ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಎಲ್ಲಿ ಹೊಗೆಯುಂಟೋ ಅಲ್ಲಿ ಬೆಂಕಿಯುಂಟು, ಅಡುಗೆಮನೆಯಲ್ಲಿರುವ ಹಾಗೆ. ಆದುದರಿಂದ ಬೆಟ್ಟದ ಮೇಲೂ ಬೆಂಕಿಯಿರಲೇಬೇಕು. ಅನುಮಾನ ಪ್ರಮಾಣಕ್ಕೆ ನಮ್ಮ ಹಿರಿಯರು ಕೊಡುತ್ತ ಬಂದ ನಿದರ್ಶನವಿದು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ನಗುತ್ತಾರೆ. ಇಷ್ಟು ಸುಲಭವಾದ ಮಾತಿಗೆ ಶಾಸ್ತ್ರವೊಂದು ಬೇಕೆ ಎಂದು ಅವರ ಭಾವನೆ. ಆದರೆ ಹೊಗೆಯೊಂದು ಕಂಡು, ಬೆಟ್ಟವೇ ಕಾಣದೆ ಹೋದರೆ ಏನು ಮಾಡಬೇಕು? ಅಂಥ ಪ್ರಸಂಗವೊಂದು ಚರಿತ್ರೆಯಲ್ಲಿ ನಡೆದಿದೆ. ಅಲ್ಲಿ ಹೊಗೆಯಿಂದ ಬೆಂಕಿಯವರೆಗೆ ತಲುಪಲು ಮನುಷ್ಯನ ಬುದ್ಧಿಗೆ 227 ವರ್ಷ ಹಿಡಿಯಿತು.

1780ನೆಯ ಇಸವಿ ಮೇ 19, ಶುಕ್ರವಾರ. ಸ್ಥಳ, ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ಪ್ರಾಂತ. ಇಲ್ಲಿ ಹೈದರಾಲಿ ಇಂಗ್ಲಿಷರ ಮೇಲೆ ತನ್ನ ಎರಡನೆಯ ಯುದ್ಧವನ್ನು ಹೂಡಿದ ವರ್ಷವೇ ಅದು. ಅಲ್ಲಿಯೂ ಜನ ಅದೇ ಇಂಗ್ಲಿಷರೊಡನೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದರು. ಕೆಲವು ದಿನಗಳಿಂದ ಸೂರ್ಯ ಕೆಂಪಾಗಿ ಕಾಣುತ್ತಿದ್ದ; ಆಕಾಶಕ್ಕೆ ಹಳದಿಯ ಛಾಯೆ ಬಂದಿತ್ತು. ನ್ಯೂಜೆರ್ಸಿಯಲ್ಲಿ ಬೀಡುಬಿಟ್ಟಿದ್ದ ಜಾರ್ಜ್ ವಾಷಿಂಗ್ಟನ್ ಆ ದಿನಗಳ ವಿಚಿತ್ರ ಮೋಡಗಳನ್ನೂ ಅವುಗಳ ನಡುವಿನ ಕೆಂಬೆಳಕನ್ನೂ ತನ್ನ ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ಶುಕ್ರವಾರ ಬೆಳಿಗ್ಗೆ ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಕತ್ತಲೆ ಕವಿಯತೊಡಗಿತು. ನಡುಮಧ್ಯಾಹ್ನದಲ್ಲಿ ದೀಪ ಹಚ್ಚಿಕೊಂಡು ಜನ ಊಟಕ್ಕೆ ಕುಳಿತರು. ಕೋಳಿಗಳು ಗೂಡು ಸೇರಿದವು, ದನಗಳು ಕೊಟ್ಟಿಗೆಗೆ ಹಿಂದಿರುಗಿದವು, ಕಪ್ಪೆಗಳು ವಟಗುಟ್ಟಿದವು. ಹುಣ್ಣಿಮೆಯ ಆಸುಪಾಸಿನ ರಾತ್ರಿಯಾದರೂ ಚಂದ್ರನ ಸುಳಿವಿರಲಿಲ್ಲ. ನಡುರಾತ್ರಿ ಕಳೆದು ಗಾಳಿ ಬದಲಾದ ಮೇಲೆಯೇ ಆಕಾಶ ತಿಳಿಯಾದದ್ದು.

ಬೈಬಲಿನ ಮಾತನ್ನು ಅಕ್ಷರಶಃ ನಂಬಿದ್ದ ಸಮಾಜ ಅದು. ಅಂತಿಮ ತೀರ್ಪಿನ ದಿನ ಬಂದಿತೆಂದು ಜನ ಚರ್ಚುಗಳಿಗೆ ಓಡಿದರು. ಕನೆಕ್ಟಿಕಟ್ ರಾಜ್ಯದ ಶಾಸನಸಭೆ ಹಾರ್ಟ್‌ಫರ್ಡಿನಲ್ಲಿ ಸೇರಿತ್ತು. ಕೆಳಮನೆ ತನ್ನ ಕಲಾಪವನ್ನು ಮುಂದಕ್ಕೆ ಹಾಕಿ ಎದ್ದುಬಿಟ್ಟಿತು. ಮೇಲಿನ ಪರಿಷತ್ತೂ ಏಳಬೇಕೆಂಬ ಸೂಚನೆ ಬಂದಾಗ ಅಬ್ರಹಾಂ ಡೇವನ್‌ಪೋರ್ಟ್ ಎಂಬ ಹಿರಿಯ ಸದಸ್ಯ ಅದನ್ನು ಒಪ್ಪಲಿಲ್ಲ. ಆ ದಿನ ಬಂದಿಲ್ಲವಾದರೆ ಏಳಲು ಕಾರಣವಿಲ್ಲ. ಬಂದಿದೆಯಾದರೆ ಕರ್ತವ್ಯದಲ್ಲಿ ತೊಡಗಿರುವಾಗಲೇ ದೇವರು ತನ್ನನ್ನು ಕಾಣಲಿ, ದೀಪ ತರಿಸಿ ಎಂಬುದು ಅವನ ವಾದದ ಸಾರ. ಅಮೆರಿಕದ ಕವಿ ವಿಟಿಯರ್ 1866ರಲ್ಲಿ ಇದನ್ನೇ ವಸ್ತುವಾಗಿಟ್ಟುಕೊಂಡು ಕವನ ಬರೆದ. ಆ ದಿನದ ನೆನಪು ಹಲವರ ಪಾಲಿಗೆ ಈ ಒಬ್ಬನ ಧೈರ್ಯದ ಕಥೆಯಾಗಿ ಉಳಿದಿದೆ.

ನನಗಾದರೋ ಡೇವನ್‌ಪೋರ್ಟನಷ್ಟೇ ಗೌರವ ಇನ್ನೊಬ್ಬನ ಮೇಲೂ ಉಂಟು. ಅವನು ಹಾರ್ವರ್ಡಿನ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ವಿಲಿಯಮ್ಸ್. ಕತ್ತಲೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿತ್ತು, ಯಾವ ಊರಿನಲ್ಲಿ ಎಷ್ಟು ಗಂಟೆಗೆ ಆರಂಭವಾಯಿತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬ ವಿವರಗಳನ್ನೆಲ್ಲ ಅವನು ಕೂಡಿಹಾಕಿದ. ಗ್ರಹಣದ ಮಾತು ಬರುವಂತಿರಲಿಲ್ಲ. ಸೂರ್ಯಗ್ರಹಣವಾಗುವುದು ಅಮಾವಾಸ್ಯೆಯಂದು, ಹುಣ್ಣಿಮೆಯ ಹೊತ್ತಿನಲ್ಲಲ್ಲ. ಆದರೆ ಅಂದು ಬಿದ್ದ ಮಳೆಯ ನೀರಿನ ಮೇಲೆ ಕಪ್ಪು ಕೆನೆ ಕಟ್ಟಿತ್ತು. ಅದನ್ನು ಬೆರಳಿನಿಂದ ಉಜ್ಜಿದರೆ ಸುಟ್ಟ ಎಲೆಗಳ ಬೂದಿ. ನಮ್ಮ ಮಲೆನಾಡಿನ ಕುಮರಿ ಬೇಸಾಯದಂತೆ ಆ ದೇಶದ ಗಡಿನಾಡುಗಳಲ್ಲಿಯೂ ಹೊಸ ಒಕ್ಕಲುಗಳು ಕಾಡು ಸುಟ್ಟು ಹೊಲ ಮಾಡುತ್ತಿದ್ದುವು. ಅನುಮಾನ ಸರಿಯಾದ ದಾರಿಯನ್ನೇ ಹಿಡಿದಿತ್ತು. ಕೊರತೆಯೆಂದರೆ ಇಷ್ಟೇ: ಮಧ್ಯಾಹ್ನವನ್ನು ಇರುಳು ಮಾಡುವಷ್ಟು ದೊಡ್ಡ ಬೆಂಕಿಯನ್ನು ಕಣ್ಣಾರೆ ಕಂಡವರು ಯಾರೂ ಸಾಕ್ಷಿಗೆ ಬರಲಿಲ್ಲ.

ಕಡೆಗೆ ಸಾಕ್ಷಿ ಹೇಳಿದ್ದು ಮರಗಳು. ಬೆಂಕಿ ಮರದ ಬುಡವನ್ನು ಒಂದು ಮಗ್ಗುಲಲ್ಲಿ ಸುಟ್ಟರೆ ಮರ ಸಾಯದೆ ಗಾಯವನ್ನು ಮುಚ್ಚಿಕೊಂಡು ಬೆಳೆಯುವುದುಂಟು. ಗಾಯದ ಕಲೆ ಆ ವರ್ಷದ ಉಂಗುರದಲ್ಲಿ ಉಳಿಯುತ್ತದೆ. ಉಂಗುರಗಳನ್ನು ಎಣಿಸಿದರೆ ಇಸವಿ ದೊರೆಯುತ್ತದೆ. ಕೆನಡಾದ ದಕ್ಷಿಣ ಆಂಟಾರಿಯೊದಲ್ಲಿರುವ ಅಲ್ಗಾಂಕ್ವಿನ್ ಎತ್ತರ ಪ್ರದೇಶದ ಮರಗಳನ್ನು ಮಿಸ್ಸೂರಿ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಓದಿ, 1780ರಲ್ಲಿ ಅಲ್ಲಿ ಬರವೂ ದೊಡ್ಡ ಕಾಡುಗಿಚ್ಚೂ ಒದಗಿದ್ದುವೆಂದು 2007ರಲ್ಲಿ ಪ್ರಕಟಿಸಿದರು. ಬೆಟ್ಟ ಇತ್ತು, ಆದರೆ ನೂರಾರು ಮೈಲಿ ಆಚೆ, ಇನ್ನೊಂದು ನಾಡಿನಲ್ಲಿತ್ತು.

ಆ ದೂರವೂ ಹೆಚ್ಚಿನದೇನಲ್ಲವೆಂದು 1950 ತೋರಿಸಿಕೊಟ್ಟಿತು. ಆ ವರ್ಷದ ಜೂನ್ ತಿಂಗಳಲ್ಲಿ ಕೆನಡಾದ ಪಶ್ಚಿಮದಲ್ಲಿ ಹೊತ್ತಿದ ಚಿಂಚಾಗಾ ಬೆಂಕಿ ಅಕ್ಟೋಬರಿನವರೆಗೆ ಉರಿದು ಹದಿನಾಲ್ಕು ಲಕ್ಷ ಹೆಕ್ಟೇರಿಗೆ ಕಡಿಮೆಯಿಲ್ಲದಷ್ಟು ಕಾಡನ್ನು ತಿಂದುಹಾಕಿತು. ಆರಂಭದಲ್ಲಿ ಅದನ್ನು ಆರಿಸಲು ಯಾರೂ ಹೋಗಲಿಲ್ಲ. ವಸತಿ, ರಸ್ತೆ, ರೈಲುದಾರಿಗಳಿಂದ 16 ಕಿಲೋಮೀಟರಿಗಿಂತ ಆಚೆಗಿನ ಬೆಂಕಿಯನ್ನು ಅದರ ಪಾಡಿಗೆ ಬಿಡುವುದು ಆಲ್ಬರ್ಟಾ ಪ್ರಾಂತದ ಅಂದಿನ ನೀತಿ. ಹೊಗೆಗೆ ಆ ನೀತಿ ತಿಳಿದಿರಲಿಲ್ಲ. ಸೆಪ್ಟೆಂಬರ್ 24ರ ಭಾನುವಾರ ಅಮೆರಿಕದ ಪೂರ್ವ ನಗರಗಳಲ್ಲಿ ಹಗಲೇ ದೀಪ ಹೊತ್ತಿತು. ಎರಡು ದಿನಗಳಲ್ಲಿ ಅದು ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಕಾಟ್‌ಲೆಂಡಿಗೆ ಬಂದಿತು. ಅಲ್ಲಿನವರು ಕಂಡದ್ದು ನೀಲಿ ಸೂರ್ಯನನ್ನು! ಹೊಗೆಯ ಕಣಗಳು ತೀರ ಸಣ್ಣವಾದರೆ ನೀಲಿಯನ್ನು ಚೆದುರಿಸಿ ಸೂರ್ಯನನ್ನು ಕೆಂಪಾಗಿಸುತ್ತವೆ. ಸುಮಾರು ಒಂದು ಮೈಕ್ರಾನಿನ ಒಂದೇ ಗಾತ್ರದವಾದರೆ ಕೆಂಪನ್ನು ತಡೆದು ನೀಲಿಯನ್ನು ಬಿಡುತ್ತವೆ. ಎಡಿನ್‌ಬರೋದಲ್ಲಿ ರಾಬರ್ಟ್ ವಿಲ್ಸನ್ ಎಂಬ ವಿಜ್ಞಾನಿ ಆ ಬೆಳಕನ್ನು ಅಳೆದು ದಾಖಲೆ ಮಾಡಿದ. ಜನಸಾಮಾನ್ಯರು ಮಾತ್ರ ಎಲ್ಲೋ ಅಣುಬಾಂಬು ಸಿಡಿದಿರಬೇಕೆಂದು ಹೆದರಿದರು. 1780ರಲ್ಲಿ ದೇವರ ಭಯ, 1950ರಲ್ಲಿ ಬಾಂಬಿನ ಭಯ. ಆಯಾ ಕಾಲದ ಹೆದರಿಕೆ ಆಯಾ ಕಾಲದ ಹೊಗೆಯಲ್ಲಿ ಮುಖ ತೋರಿಸುತ್ತದೆ.

ಇಂದು ನಮಗೆ ಆ ಎರಡೂ ಭಯಗಳ ಅಗತ್ಯವಿಲ್ಲ. ಹೆದರಬೇಕಾದದ್ದು ಏನೆಂದು ಖಚಿತವಾಗಿ ತಿಳಿದಿದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣ ಮೂಗಿನಲ್ಲಿಯಾಗಲಿ ಗಂಟಲಿನಲ್ಲಿಯಾಗಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅತಿ ಸೂಕ್ಷ್ಮವಾದದ್ದು ರಕ್ತವನ್ನೂ ಸೇರುತ್ತದೆ. ಉಬ್ಬಸದವರು, ಹೃದ್ರೋಗಿಗಳು, ಮುದುಕರು, ಕೂಸುಗಳು ಮೊದಲು ನರಳುವವರು. ಗಾಳಿಯ ಒಂದು ಘನಮೀಟರಿನಲ್ಲಿ ಇಂಥ ಕಣಗಳು ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಮ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆಯಿತ್ತಿತು. ನಮ್ಮ ದೇಶ 2009ರಲ್ಲಿ ಗೊತ್ತುಮಾಡಿದ ಮಿತಿ 60. 2023ರ ಜೂನ್ 7ರಂದು ಕೆನಡಾದ ಕ್ವಿಬೆಕ್ ಕಾಡುಗಳ ಹೊಗೆ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿದಾಗ ವಾಯು ಗುಣಮಟ್ಟದ ಸೂಚ್ಯಂಕ 400ನ್ನು ದಾಟಿತು. 300ರಿಂದಾಚೆಗೇ ಅದು ಅಪಾಯದ ವರ್ಗ. ಡೇವನ್‌ಪೋರ್ಟನ ಕತ್ತಲೆಗೆ ದೀಪ ಸಾಕಾಗಿತ್ತು. ಈ ಗಾಳಿಗೆ ದೀಪವೇನು ಮಾಡೀತು?

ಮಾಡಬೇಕಾದ ಕೆಲಸ ಹೊಗೆ ಬಿದ್ದ ಊರಿನಲ್ಲಿಲ್ಲ, ಹೊಗೆ ಎದ್ದ ಊರಿನಲ್ಲಿದೆ. ಅದೇ ಇದರ ತೊಡಕು. 1997ರಲ್ಲಿ ಇಂಡೋನೇಷ್ಯದ ಸುಮಾತ್ರ, ಕಾಲಿಮಂಥನ್ ದ್ವೀಪಗಳ ಕಾಡೂ ಜವುಗುನೆಲವೂ ಉರಿದು ಸಿಂಗಪುರ, ಮಲೇಷ್ಯಗಳು ಉಸಿರು ಕಟ್ಟಿದವು. ಸಾರವಾಕ್ ರಾಜ್ಯದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಗಡಿ ದಾಟುವ ಹೊಗೆಯ ಬಗ್ಗೆ ಆಗ್ನೇಯ ಏಷ್ಯದ ರಾಷ್ಟ್ರಗಳು 2002ರಲ್ಲಿ ಒಪ್ಪಂದ ಮಾಡಿಕೊಂಡವು. ಬೆಂಕಿಯ ನೆಲೆಯಾಗಿದ್ದ ಇಂಡೋನೇಷ್ಯ ಅದನ್ನು ಸ್ಥಿರೀಕರಿಸಿದ್ದು 2014ರಲ್ಲಿ, ಹನ್ನೆರಡು ವರ್ಷಗಳ ತರುವಾಯ.

ಹೊರಗಿನವರನ್ನು ದೂರಿ ಕೂಡುವುದಕ್ಕೆ ನಮಗೂ ಮುಖವಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಎಷ್ಟು ಎಕರೆ ಹೋಯಿತು, ಪ್ರಾಣಿಗಳ ಗತಿಯೇನು ಎಂದು ಎಲ್ಲರೂ ಕೇಳಿದೆವು. ಕೇಳಬೇಕಾದ ಪ್ರಶ್ನೆಗಳೇ ಅವು. ಆದರೆ ಆ ಹೊಗೆ ಯಾವ ಹಳ್ಳಿಗಳ ಮೇಲೆ ಇಳಿಯಿತು, ಅಲ್ಲಿನ ಮಕ್ಕಳು ಆ ವಾರ ಎಂಥ ಗಾಳಿಯನ್ನು ಕುಡಿದರು ಎಂದು ಕೇಳಿದವರನ್ನು ನಾನು ಕಾಣೆ. ಕಾಳ್ಗಿಚ್ಚೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಜ್ವಾಲೆ. ಜ್ವಾಲೆ ಕಾಡಿನ ಅಂಚಿನಲ್ಲಿ ನಿಂತೀತು, ಹೊಗೆ ನಿಲ್ಲುವುದಿಲ್ಲ.

ಹೊಗೆಯಿಂದ ಬೆಂಕಿಯನ್ನು ಊಹಿಸುವ ವಿದ್ಯೆಯನ್ನು ನಮ್ಮ ತಾರ್ಕಿಕರು ಚೆನ್ನಾಗಿ ಕಲಿಸಿದರು. ಬೆಂಕಿಯಿಂದ ಹೊಗೆಯನ್ನು ಊಹಿಸಿ, ಅದು ಯಾರ ಮನೆಯ ಮೇಲೆ ಇಳಿದೀತೆಂದು ಮೊದಲೇ ಯೋಚಿಸುವ ವಿದ್ಯೆಯನ್ನು ಇನ್ನು ನಾವೇ ಕಲಿಯಬೇಕಾಗಿದೆ.