ಕೊನ್ನಾರಿ ಗಡ್ಡೆ

ಕೊನ್ನಾರಿ ಗಡ್ಡೆಯು ಸೈಪರೇಸಿ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಮೂಲಿಕೆ. ಇದರ ಸಸ್ಯಶಾಸ್ತ್ರೀಯ ಹೆಸರು ಸೈಪರಸ್ ರೋಟಂಡಸ್. ಜೇಕು, ತುಂಗೆ ಹುಲ್ಲು, ಭದ್ರಮುಷ್ಟಿ ಎಂಬ ಹೆಸರುಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ. ಸಂಸ್ಕೃತದಲ್ಲಿ ಇದನ್ನು ಮುಸ್ತಾ ಎನ್ನುತ್ತಾರೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಇದಕ್ಕೆ ಈಗಿನ ವೈಜ್ಞಾನಿಕ ಹೆಸರನ್ನು ನೀಡಿದನು. ಭಾರತವೂ ಸೇರಿದಂತೆ ಹಳೆಯ ಜಗತ್ತಿನ ಉಷ್ಣ ಪ್ರದೇಶಗಳು ಇದರ ಮೂಲ ನೆಲೆ. ಹಾಸನ ಜಿಲ್ಲೆಯ ಹಗರೆ, ಹಳೇಬೀಡು, ಬೇಲೂರು, ಅರಸೀಕೆರೆ ಸುತ್ತಲಿನ ಹೊಲ ತೋಟಗಳಲ್ಲಿ ಇದು ಸಾಮಾನ್ಯವಾಗಿ ಕಾಣುವ ಕಳೆ.

ಹುಲ್ಲಿಗೂ ಜೇಕಿಗೂ ಇರುವ ವ್ಯತ್ಯಾಸ

ನೋಟಕ್ಕೆ ಹುಲ್ಲಿನಂತಿದ್ದರೂ ಇದು ಹುಲ್ಲಲ್ಲ. ಹುಲ್ಲಿನ ಕಾಂಡ ಸಾಮಾನ್ಯವಾಗಿ ದುಂಡಗೆ, ಗೆಣ್ಣುಗಳಿಂದ ಕೂಡಿರುತ್ತದೆ. ಎಲೆಗಳು ಎರಡು ಸಾಲಿನಲ್ಲಿರುತ್ತವೆ. ಕೊನ್ನಾರಿಯ ಹೂಕಾಂಡ ಮೂರು ಮೂಲೆಗಳುಳ್ಳದ್ದು, ಗೆಣ್ಣಿಲ್ಲದ್ದು, ಒಳಗೆ ಗಟ್ಟಿಯಾದದ್ದು. ಬೆರಳುಗಳ ನಡುವೆ ಹೊರಳಿಸಿದರೆ ಮೂಲೆಗಳು ಕೈಗೆ ತಿಳಿಯುತ್ತವೆ. ಎಲೆಗಳು ಬುಡದಲ್ಲಿ ಮೂರು ಸಾಲಾಗಿ ಹೊರಡುತ್ತವೆ.

ಲಕ್ಷಣಗಳು

ಗಿಡವು ಸಾಮಾನ್ಯವಾಗಿ 10ರಿಂದ 60 ಸೆಂ.ಮೀ. ಎತ್ತರ ಬೆಳೆಯುತ್ತದೆ. ಎಲೆಗಳು ಕಡು ಹಸಿರು, ಕಿರಿದು, ನಡುನರದುದ್ದಕ್ಕೂ ಮಡಿಚಿದಂತಿರುತ್ತವೆ. ಕಾಂಡದ ತುದಿಯಲ್ಲಿ ಎಲೆಯಂತಹ ಕೆಲವು ಪುಷ್ಪಪತ್ರಗಳ ನಡುವಿನಿಂದ ಅಸಮ ಉದ್ದದ ಕಡ್ಡಿಗಳು ಕೊಡೆಯಂತೆ ಹರಡುತ್ತವೆ. ಅವುಗಳ ತುದಿಯಲ್ಲಿರುವ ಚಪ್ಪಟೆಯಾದ ಕಿರುತೆನೆಗಳ ಬಣ್ಣ ಕೆಂಪುಮಿಶ್ರಿತ ಕಂದು. ನೆಲದೊಳಗೆ ತಂತಿಯಂತಹ ಬೇರುಕಾಂಡಗಳು ಕಪ್ಪು ಗಡ್ಡೆಗಳನ್ನು ಸರಪಳಿಯಂತೆ ಜೋಡಿಸುತ್ತವೆ. ಗಡ್ಡೆಯನ್ನು ಮುರಿದರೆ ಪರಿಮಳ ಬರುತ್ತದೆ, ರುಚಿ ಕಹಿ.

ಹೋಲುವ ಪ್ರಭೇದಗಳು

ಜೇಕು ಎಂಬ ಹೆಸರು ಹಲವು ಪ್ರಭೇದಗಳಿಗೆ ಸಲ್ಲುವುದರಿಂದ ಹೆಸರೊಂದನ್ನೇ ನಂಬಿ ಗಿಡವನ್ನು ನಿರ್ಧರಿಸಲಾಗದು.

* ಸೈಪರಸ್ ಎಸ್ಕುಲೆಂಟಸ್: ಕಿರುತೆನೆಗಳು ಹೊಂಬಣ್ಣ, ಗಡ್ಡೆಗಳು ಬೇರುಕಾಂಡದ ತುದಿಯಲ್ಲಿ ಒಂಟಿಯಾಗಿರುತ್ತವೆ, ರುಚಿ ಸಿಹಿ.
* ಸೈಪರಸ್ ಇರಿಯಾ: ಗದ್ದೆಗಳ ಏಕವಾರ್ಷಿಕ ಕಳೆ, ಹಳದಿ ಛಾಯೆಯ ತೆನೆ, ನಾರುಬೇರು ಮಾತ್ರ, ಗಡ್ಡೆಯಿಲ್ಲ.
* ಸೈಪರಸ್ ಡಿಫಾರ್ಮಿಸ್: ಇದೂ ಗದ್ದೆಯ ಏಕವಾರ್ಷಿಕ ಕಳೆ, ಕಿರುತೆನೆಗಳು ಒತ್ತಾದ ಗುಂಡು ಗೊಂಚಲುಗಳಾಗಿರುತ್ತವೆ.

ಆದುದರಿಂದ ಗಿಡವನ್ನು ಕಿತ್ತು ನೋಡದೆ, ಬುಡದ ಮಣ್ಣನ್ನು ಅಗೆದು ಗಡ್ಡೆಯನ್ನು ಪರೀಕ್ಷಿಸುವುದು ಉತ್ತಮ; ಎಳೆದರೆ ಗಡ್ಡೆಗಳು ಸಾಮಾನ್ಯವಾಗಿ ಮಣ್ಣಿನಲ್ಲೇ ಉಳಿಯುತ್ತವೆ. ಸೆಸಿಲ್ ಜೆ. ಸಲ್ಡಾನಾ ಮತ್ತು ಡಾನ್ ಎಚ್. ನಿಕೋಲ್ಸನ್ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ (1976) ಈ ಜಿಲ್ಲೆಯ ಸಸ್ಯಗಳ ಅಧ್ಯಯನಕ್ಕೆ ಮುಖ್ಯ ಗ್ರಂಥವಾಗಿದೆ.

ನೆಲೆ

ಬಿಸಿಲು ಬೀಳುವ, ತೇವವಿರುವ, ಆಗಾಗ ಕದಡಿದ ಮಣ್ಣು ಇದಕ್ಕೆ ಅನುಕೂಲ. ಉತ್ತ ಹೊಲ, ತೆಂಗಿನ ತೋಟದ ಬಯಲು ಭಾಗ, ಕಾಲುವೆಯ ದಂಡೆ, ಕೆರೆಯ ಏರಿ, ಗದ್ದೆಯ ಬದು, ರಸ್ತೆಯ ಅಂಚು ಇವು ಇದರ ನೆಲೆಗಳು. ಸದಾ ನೀರು ನಿಂತ ಗದ್ದೆಯಲ್ಲಿಯೂ ದಟ್ಟ ನೆರಳಿನಲ್ಲಿಯೂ ಇದರ ಬೆಳವಣಿಗೆ ಕುಗ್ಗುತ್ತದೆ. ಹಗರೆಯ ಸುತ್ತಲಿನ ಅರೆಮಲೆನಾಡಿನಲ್ಲಿ ಕೆರೆ ನೀರಾವರಿ, ಮಳೆಯಾಶ್ರಿತ ಹೊಲ ಮತ್ತು ತೋಟಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಇಂತಹ ನೆಲೆಗಳು ಹೇರಳವಾಗಿವೆ.

ಕಳೆಯಾಗಿ

1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಪ್ರಕಟಿಸಿದ ಗ್ರಂಥವು ಇದನ್ನು ಜಗತ್ತಿನ ಅತಿ ಕೆಟ್ಟ ಕಳೆಯೆಂದು ಪರಿಗಣಿಸಿತು. ಬೀಜಕ್ಕಿಂತ ಗಡ್ಡೆಯಿಂದಲೇ ಇದು ಹೆಚ್ಚಾಗಿ ಹರಡುತ್ತದೆ. ಗಡ್ಡೆಗಳು ಸರಪಳಿಯಲ್ಲಿರುವಾಗ ತುದಿಯ ಗಡ್ಡೆ ಚಿಗುರಿ ಉಳಿದವು ಸುಪ್ತವಾಗಿರುತ್ತವೆ. ಉಳುಮೆಯಲ್ಲಿ ಸರಪಳಿ ತುಂಡಾದರೆ ಸುಪ್ತ ಗಡ್ಡೆಗಳೂ ಚಿಗುರುತ್ತವೆ. ಗಡ್ಡೆಯಿಲ್ಲದ ಏಕವಾರ್ಷಿಕ ಜೇಕುಗಳನ್ನು ಬೀಜ ಕಟ್ಟುವ ಮುನ್ನ ಕಿತ್ತರೆ ಸಾಕು. ಕೊನ್ನಾರಿಗೆ ಅದು ಸಾಲದು. ಸರಿಯಾದ ಗುರುತಿಸುವಿಕೆಯ ಮಹತ್ವ ಇರುವುದು ಇಲ್ಲಿಯೇ. ಹಾಸನ ಜಿಲ್ಲೆಯ ಮುಖ್ಯ ಬೆಳೆಗಳಲ್ಲೊಂದಾದ ಆಲೂಗೆಡ್ಡೆಯನ್ನು ಇದರ ಚೂಪಾದ ಬೇರುಕಾಂಡದ ತುದಿಗಳು ತೂರಿ ಹಾಳುಮಾಡಬಲ್ಲವು. ಬೇಸಿಗೆಯಲ್ಲಿ ಆಳವಾಗಿ ಉತ್ತು ಗಡ್ಡೆಗಳನ್ನು ಬಿಸಿಲಿಗೆ ಒಣಗಿಸುವುದು, ಆಯ್ದು ತೆಗೆಯುವುದು, ನೆಲ ಮುಚ್ಚುವ ಬೆಳೆ ಬೆಳೆಯುವುದು, ಗಡ್ಡೆ ಬೆರೆತ ಮಣ್ಣನ್ನು ಬೇರೆಡೆಗೆ ಸಾಗಿಸದಿರುವುದು ನಿಯಂತ್ರಣದ ಕ್ರಮಗಳು.

ಉಪಯೋಗಗಳು

ಆಯುರ್ವೇದದಲ್ಲಿ ಇದರ ಗಡ್ಡೆಯನ್ನು ಜ್ವರ, ಅಜೀರ್ಣ, ಅತಿಸಾರಗಳ ಔಷಧಗಳಲ್ಲಿ ಬಳಸುತ್ತಾರೆ. ಪರಿಮಳದ ಕಾರಣ ಧೂಪ ಹಾಗೂ ಸುಗಂಧದ್ರವ್ಯಗಳಲ್ಲಿಯೂ ಬಳಕೆಯಿದೆ. ಕಳೆನಾಶಕ ಸಿಂಪಡಿಸಿದ ಹೊಲದ ಗಡ್ಡೆಗಳನ್ನು ಔಷಧಕ್ಕೆ ಸಂಗ್ರಹಿಸಬಾರದು. ಹಂದಿಗಳು ಇದನ್ನು ಅಗೆದು ತಿನ್ನುತ್ತವೆ. ಕಾಳಿದಾಸನ ‘ಅಭಿಜ್ಞಾನಶಾಕುಂತಲ’ದಲ್ಲಿ ಕಾಡುಹಂದಿಗಳು ಮುಸ್ತೆಯನ್ನು ಅಗೆಯುವ ಉಲ್ಲೇಖವಿದೆ.